ಮುಗಿಲಿನಿಂದ ತಂದ ಹಿಡಿ ಮಣ್ಣು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಎರೆಹೊಲಗಳಲ್ಲಿ ಕರಿಗಲ್ಲಿಗೆ ಕೊರತೆಯಿಲ್ಲ. ಸುಟ್ಟಂತೆ ತೋರುವ ತೂಕದ ಕಲ್ಲೊಂದು ನೇಗಿಲಿಗೆ ತಗುಲಿದಾಗ, ಇದು ಮುಗಿಲಿನಿಂದ ಬಿದ್ದುದೆಂದು ಬಗೆಯುವವರುಂಟು. ಬಹುಮಟ್ಟಿಗೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಿದ ಲಾವಾರಸ ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆ. ಅಯಸ್ಕಾಂತದಿಂದಲೂ ನಿರ್ಣಯವಾಗದು, ಅದರ ಸೆಳೆತಕ್ಕೆ ಸಿಲುಕುವ ಖನಿಜ ಬಸಾಲ್ಟಿನಲ್ಲಿಯೂ ಇದೆ.

ನಿಜವಾದ ಉಲ್ಕಾಶಿಲೆ ನಮ್ಮ ನಾಡಿಗೆ ಬಿದ್ದುದುಂಟು. 1866ರಲ್ಲಿ ಉಡುಪಿಯ ಕಡೆ ಬಿದ್ದ ಕಲ್ಲು ಊರಿನ ಹೆಸರಿನಿಂದಲೇ ದಾಖಲಾಗಿದೆ. ನಮ್ಮ ಕಾಲಡಿಯ ಇದೇ ಕರಿಶಿಲೆಯ ಹಾಸು ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯವರೆಗೂ ಹಬ್ಬಿದೆ. ಅಲ್ಲಿನ ಲೋಣಾರದಲ್ಲಿ ಆಕಾಶಕಾಯವೊಂದು ಅಪ್ಪಳಿಸಿ ಸುಮಾರು 1.8 ಕಿ.ಮೀ. ಅಗಲದ ಕುಳಿಯನ್ನು ತೋಡಿತು.

ಕಲ್ಲು ತಾನಾಗಿಯೇ ಬೀಳುತ್ತಿರಲು ಕೋಟಿಗಟ್ಟಲೆ ಹಣ ಸುರಿದು ನೌಕೆ ಕಳಿಸುವುದೇಕೆ? ಬೆವರು ಸುರಿಸಿ ದುಡಿಯುವವರ ಈ ಪ್ರಶ್ನೆ ನ್ಯಾಯವಾದುದೇ. ಬೀಳುವ ಕಲ್ಲಿನ ಮೈ ಗಾಳಿಯಲ್ಲಿ ಉರಿದು ಕರಗುತ್ತದೆ. ಮೆದುವಾದುದು ನೆಲ ಮುಟ್ಟುವ ಮೊದಲೇ ಪುಡಿಯಾಗುತ್ತದೆ. ಬಿದ್ದ ಮೇಲೆ ಮಳೆ, ಮಣ್ಣು, ಸೂಕ್ಷ್ಮಜೀವಿಗಳ ಸೋಂಕು. ಅದರಲ್ಲಿ ಜೀವಕ್ಕೆ ಬೇಕಾದ ದ್ರವ್ಯ ದೊರೆತರೆ, ಅದು ಆಕಾಶದ್ದೋ ಬಿದ್ದ ಹೊಲದ್ದೋ ಎಂದು ಹೇಳುವವರಾರು?

ಅಮೆರಿಕದ ‘ಸ್ಟಾರ್‌ಡಸ್ಟ್’ 2004ರಲ್ಲಿ ವೈಲ್ಡ್-2 ಧೂಮಕೇತುವಿನ ಧೂಳನ್ನು ಹಿಡಿದು 2006ರಲ್ಲಿ ತಂದಿತು. ಆದರೆ ಮನಸ್ಸು ನಿಲ್ಲುವುದು ಜಪಾನಿನ ‘ಹಯಾಬುಸಾ’ದ ಮೇಲೆ. 2003ರಲ್ಲಿ ಹೊರಟ ಈ ನೌಕೆ 2005ರಲ್ಲಿ ಇಟೊಕಾವಾ ಕ್ಷುದ್ರಗ್ರಹವನ್ನು ಮುಟ್ಟಿತು. ಮಣ್ಣೆಬ್ಬಿಸಲು ಸಿಡಿಯಬೇಕಿದ್ದ ಗುಂಡು ಸಿಡಿಯಲಿಲ್ಲ, ಇಂಧನ ಸೋರಿತು, ವಾರಗಟ್ಟಲೆ ಸಂಪರ್ಕವೇ ಕಡಿಯಿತು. ಆದರೂ ಕುಂಟುತ್ತ ಬಂದು 2010ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ತನ್ನ ಡಬ್ಬಿಯನ್ನು ಇಳಿಸಿ ತಾನು ಉರಿದುಹೋಯಿತು. ಡಬ್ಬಿಯಲ್ಲಿ ದೊರೆತದ್ದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸುಮಾರು 1500 ಕಣಗಳು! ನಮ್ಮ ನೆಲಕ್ಕೆ ಬೀಳುವ ಸಾಮಾನ್ಯ ಉಲ್ಕಾಶಿಲೆಗಳ ತವರು ಇಂಥ ಕಾಯಗಳೇ ಎಂಬುದು ಆ ಕಣಗಳಿಂದ ಸ್ಥಿರವಾಯಿತು.

‘ಹಯಾಬುಸಾ-2’ 2020ರಲ್ಲಿ ರ‍್ಯೂಗುವಿನಿಂದ 5.4 ಗ್ರಾಂ ತಂದಿತು. ಅಮೆರಿಕದ ‘ಒಸಿರಿಸ್-ರೆಕ್ಸ್’ 2023ರ ಸೆಪ್ಟೆಂಬರ್ 24ರಂದು ಬೆನ್ನುವಿನ 121.6 ಗ್ರಾಂ ಮಣ್ಣನ್ನು ತಲುಪಿಸಿತು. ಎರಡು ತಿರುಪುಗಳು ಬಿಗಿದು ಕುಳಿತು, ಪಾತ್ರೆ ಪೂರ್ತಿ ತೆರೆಯಲು ತಿಂಗಳುಗಳೇ ಹಿಡಿದವು. ಜೀವಿಗಳು ಪ್ರೋಟೀನ್ ಕಟ್ಟಲು ಬಳಸುವ 20 ಅಮೈನೋ ಆಮ್ಲಗಳಲ್ಲಿ 14, ಜೊತೆಗೆ ನೀರು ಬತ್ತಿ ಉಳಿದ ಲವಣಗಳು ಅದರಲ್ಲಿವೆಯೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಇವು ಜೀವವಲ್ಲ, ಜೀವದ ಸಾಮಗ್ರಿ. ಈ ಭೇದವನ್ನು ಮರೆಯಬಾರದು. ನಮ್ಮ ದೇಶವೂ ಚಂದ್ರನ ಮಣ್ಣು ತರುವ ‘ಚಂದ್ರಯಾನ-4’ಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿದೆ.

ಇನ್ನು ಯಾರದಾದರೂ ಹೊಲದಲ್ಲಿ ಕಣ್ಣೆದುರಿಗೇ ಕಲ್ಲು ಬಿದ್ದರೆ ಅದನ್ನು ತೊಳೆಯಬೇಡಿರಿ, ಒಡೆಯಬೇಡಿರಿ, ಅಯಸ್ಕಾಂತ ಸೋಕಿಸಬೇಡಿರಿ. ಅದರೊಳಗಿನ ಪುರಾತನ ಕಾಂತತ್ವದ ಗುರುತು ಅಳಿಸಿಹೋದೀತು. ಬರಿಗೈಯಿಂದ ಮುಟ್ಟದೆ ಶುಚಿಯಾದ ಕಾಗದದಲ್ಲಿ ಸುತ್ತಿ, ದಿನ, ವೇಳೆ, ಬಂದ ದಿಕ್ಕನ್ನು ಬರೆದಿಟ್ಟು ತಹಶೀಲ್ದಾರರಿಗೆ ತಿಳಿಸಿರಿ. ದೇಶದ ಉಲ್ಕಾಶಿಲೆಗಳನ್ನು ಕಾಪಿಡುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಸಂಗ್ರಹವು ಕೋಲ್ಕತ್ತದಲ್ಲಿದೆ.