ಲಾರಿಗೆ ನೆಟ್‌ವರ್ಕ್ ಬಂದ ದಾರಿ

ಬಂಗಾರಪೇಟೆಯಲ್ಲಿ ಲೋಡ್ ಹತ್ತಿಸಿಕೊಂಡ ಲಾರಿ ಪೂರ್ವಕ್ಕೆ ಹೊರಟರೆ ಆಂಧ್ರದ ವಿ. ಕೋಟ, ಕುಪ್ಪಂ, ದಕ್ಷಿಣಕ್ಕೆ ಇಳಿದರೆ ತಮಿಳುನಾಡಿನ ಕೃಷ್ಣಗಿರಿ. ಎರಡು ಗಂಟೆ ಕಳೆಯುವಷ್ಟರಲ್ಲಿ ಇನ್ನೊಂದು ರಾಜ್ಯ. ಮಾತಿನ ಮಟ್ಟಿಗೆ ಇಲ್ಲಿಯವರಿಗೆ ಅದು ಗಡಿಯೇ ಅಲ್ಲ. ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಎಷ್ಟೋ ಚಾಲಕರು ಮನೆಯಲ್ಲಿ ತಮಿಳು, ಲಾರಿ ಸ್ಟ್ಯಾಂಡಿನಲ್ಲಿ ಕನ್ನಡ, ಮಂಡಿಯಲ್ಲಿ ತೆಲುಗು ಮಾತಾಡಿಕೊಂಡು ದಿನ ಕಳೆಯುವವರು. ಅವರ ಜೇಬಿನ ಫೋನಿಗೆ ಮಾತ್ರ ಬಹಳ ವರ್ಷ ಅದು ಗಟ್ಟಿ ಗಡಿಯಾಗಿಯೇ ಇತ್ತು. ದೂರಸಂಪರ್ಕದ ಲೆಕ್ಕದಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಬೇರೆ ಬೇರೆ ಸರ್ಕಲ್, ಅಂದರೆ ಸೇವಾ ವಲಯ. ಆ ಮೂರು ಸರ್ಕಲ್‌ಗಳು ಒಂದಕ್ಕೊಂದು ತಾಗುವ ಮೂಲೆಯಲ್ಲೇ ಕೆಜಿಎಫ್ ಇದೆ. ದೂರದ ಲಾರಿಯ ಕ್ಯಾಬಿನ್‌ಗೆ ಇಂಟರ್‌ನೆಟ್ ಹೇಗೆ ಬಂತು, ಯಾರಿಗಾಗಿ ಬಂತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಈ ನೆಲಕ್ಕೆ ಹೊಸ ಸೌಕರ್ಯಗಳು ಬೇಗ ಬಂದವು. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ ಜಂಕ್ಷನ್‌ನಿಂದ ಮಾರಿಕುಪ್ಪಂವರೆಗೆ 1894ರಲ್ಲೇ ರೈಲು ಓಡಿತು. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗಳಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಎರಡೂ ಬಂದದ್ದು ಚಿನ್ನಕ್ಕಾಗಿ. ಸುರಂಗದ ತಳದಲ್ಲಿ ಬಂಡೆ ಕೊರೆಯುತ್ತಿದ್ದವರ ಸಾಲುಮನೆಗಳಿಗೆ ಆ ಬೆಳಕು ತಲುಪಿದ್ದು ಆಮೇಲಿನ ಮಾತು. ಸರಕಿಗೆ ಮೊದಲು, ಸರಕು ಸಾಗಿಸುವವನಿಗೆ ಕೊನೆಗೆ ಎಂಬ ಈ ಕ್ರಮ ಲಾರಿಯ ಇಂಟರ್‌ನೆಟ್‌ನಲ್ಲೂ ಹಾಗೆಯೇ ನಡೆದುಬಂದಿದೆ.

ಮೊಬೈಲ್‌ಗೂ ಮುಂಚೆ ರಸ್ತೆಯ ಸಂಪರ್ಕವೆಂದರೆ ಎಸ್‌ಟಿಡಿ ಬೂತ್. ಎಂಬತ್ತರ ದಶಕದ ಕೊನೆಯಿಂದ ಹೆದ್ದಾರಿ ಢಾಬಾಗಳ ಪಕ್ಕದಲ್ಲಿ ಹಳದಿ ಬೋರ್ಡಿನ ಗಾಜಿನ ಗೂಡುಗಳು ಎದ್ದವು. ರಾತ್ರಿ ಏರಿದಂತೆ ದರ ಅರ್ಧಕ್ಕೆ, ಆಮೇಲೆ ಕಾಲಿಗೆ ಇಳಿಯುತ್ತಿತ್ತು. ಹಾಗಾಗಿ ಚಾಲಕರು ಊಟ ಮುಗಿಸಿ, ಹೊತ್ತು ಮೀರಲಿ ಎಂದು ಕಾದು ಸಾಲಿನಲ್ಲಿ ನಿಲ್ಲುತ್ತಿದ್ದರು. ಕಣ್ಣೆದುರು ಕೆಂಪು ಅಂಕಿಗಳು ಏರುತ್ತಿರುವಾಗ ಮಾತು ಉದ್ದವಾಗುವಂತಿರಲಿಲ್ಲ. “ಎಲ್ಲಿದ್ದೀಯಪ್ಪಾ?” “ನಾಗಪುರ ದಾಟಿದೆ ಸಾರ್, ನಾಳಿದ್ದು ಅನ್‌ಲೋಡ್.” ಓನರ್‌ಗೆ ಅಷ್ಟು ಸಾಕು. ಮನೆಗೆ ಮಾತಾಡಬೇಕೆಂದರೆ ಪಕ್ಕದ ಅಂಗಡಿಯ ನಂಬರಿಗೆ ಮಾಡಿ, ಹೆಂಡತಿಯನ್ನು ಕರೆಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಹೀಗೆ ಮಾಡಿದ ಕರೆಗಳು ತಿಂಗಳಿಗೆ ಎಷ್ಟಿದ್ದಾವು?

ದೇಶದ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು, ಹ್ಯಾಂಡ್‌ಸೆಟ್‌ಗಳು ಅಗ್ಗವಾದವು, ಚಾಲಕರ ಕೈಗೂ ಫೋನ್ ಬಂತು. ಆದರೆ ‘ಉಚಿತ’ ಎನ್ನುವುದು ನಮ್ಮ ಸರ್ಕಲ್ ದಾಟುವವರೆಗೆ ಮಾತ್ರ. 2007ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕಡಿವಾಣ ಹಾಕಿದ ಮೇಲೂ ರೋಮಿಂಗ್‌ನಲ್ಲಿ ಬಂದ ಕರೆ ಎತ್ತಿದರೆ ನಿಮಿಷಕ್ಕೆ 1 ರೂಪಾಯಿ 75 ಪೈಸೆವರೆಗೆ ಕಡಿತವಾಗುತ್ತಿತ್ತು. 2013ರಲ್ಲಿ ಆ ಮಿತಿ 75 ಪೈಸೆಗೆ, 2015ರಲ್ಲಿ 45 ಪೈಸೆಗೆ ಇಳಿಯಿತು. ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದು ವರ್ಷಕ್ಕೊಮ್ಮೆ ತಿರುಪತಿಗೆ ಹೋದಾಗಿನ ಖರ್ಚು. ಬಂಗಾರಪೇಟೆಯ ಚಾಲಕನಿಗೆ ಪ್ರತಿ ಟ್ರಿಪ್ಪಿನ ಖರ್ಚು. ಫೋನು ಯಾವ ಟವರ್ ಬಲವಾಗಿ ಸಿಗುತ್ತದೋ ಅದನ್ನು ಹಿಡಿದುಕೊಳ್ಳುತ್ತದೆ, ರಾಜ್ಯದ ನಕ್ಷೆ ನೋಡುವುದಿಲ್ಲ. ಹಾಗಾಗಿ ಕಾಮಸಮುದ್ರದಂಥ ಗಡಿಯ ಕಡೆ ಕರ್ನಾಟಕದ ನೆಲದಲ್ಲೇ ನಿಂತವರಿಗೂ ಪಕ್ಕದ ರಾಜ್ಯದ ಸಿಗ್ನಲ್ ತಗುಲಿ ಕರೆನ್ಸಿ ಹೋಗುವುದಿತ್ತು. ಅದಕ್ಕೇ ಎರಡು ಮೂರು ಸಿಮ್, ಅದಕ್ಕೇ ಮಿಸ್ಡ್ ಕಾಲ್‌ನ ಸಂಕೇತಗಳು. ಒಂದು ರಿಂಗ್ ಎಂದರೆ ತಲುಪಿದೆ, ಎರಡು ಎಂದರೆ ಖಾಲಿಯಾಯಿತು, ಹೀಗೆ ಅವರವರೇ ಮಾಡಿಕೊಂಡ ಒಪ್ಪಂದ.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. ರೋಮಿಂಗ್ ಶುಲ್ಕ ಇಲ್ಲವಾಯಿತು, ಡೇಟಾ ದರ ಬಿದ್ದುಹೋಯಿತು, ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಮೂರು ಸರ್ಕಲ್‌ನ ಗಡಿ ಒಂದೇ ವರ್ಷದಲ್ಲಿ ಅರ್ಥ ಕಳೆದುಕೊಂಡಿತು. ಲಾರಿಯ ಕ್ಯಾಬಿನ್‌ಗೆ ಇಂಟರ್‌ನೆಟ್ ನಿಜವಾಗಿ ಹತ್ತಿದ್ದು ಅಂದು ಎಂದೇ ನನ್ನ ಎಣಿಕೆ. ಮಗಳ ಮುಖ ನೋಡಿಕೊಂಡು ಮಾತಾಡುವುದು ಚಾಲಕನಿಗೆ ಸಾಧ್ಯವಾಯಿತು. ವಾಪಸ್ ಲೋಡ್ ಹುಡುಕಲು ಟ್ರಾನ್ಸ್‌ಪೋರ್ಟ್ ನಗರದ ಬ್ರೋಕರ್ ಆಫೀಸಿನ ಬೆಂಚೇ ಗತಿ ಎಂಬುದು ಹೋಗಿ, 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬ್ಲ್ಯಾಕ್‌ಬಕ್‌ನಂಥ ಆ್ಯಪ್‌ಗಳು ಬಂದವು. ಡೀಸೆಲ್ ಹಣ, ಬತ್ತಾ ಎಲ್ಲ ಫೋನಿಗೇ ಬೀಳತೊಡಗಿತು.

ಅದರ ಹಿಂದೆಯೇ ಸರ್ಕಾರದ ವ್ಯವಸ್ಥೆಗಳೂ ಒಂದೊಂದಾಗಿ ಅದೇ ಕ್ಯಾಬಿನ್ ಹತ್ತಿದವು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟ್‌ಗಳು ಮುಚ್ಚಿದವು. 2018ರ ಏಪ್ರಿಲ್ 1ರಿಂದ ರಾಜ್ಯ ದಾಟುವ ಸರಕಿಗೆ ಆನ್‌ಲೈನ್ ಸಾಗಣೆ ದಾಖಲೆಯಾದ ಇ-ವೇ ಬಿಲ್ ಕಡ್ಡಾಯವಾಯಿತು. ಅದೇ ವರ್ಷ ಡಿಜಿಲಾಕರ್‌ನಲ್ಲಿರುವ ಆರ್‌ಸಿ, ಡಿಎಲ್‌ಗಳಿಗೆ ಮೂಲ ಕಾಗದದಷ್ಟೇ ಮಾನ್ಯತೆ ಸಿಕ್ಕಿತು. 2021ರ ಫೆಬ್ರುವರಿಯಲ್ಲಿ ಟೋಲ್‌ನಲ್ಲಿ ಫಾಸ್ಟ್ಯಾಗ್ ಇಲ್ಲದವರಿಗೆ ದುಪ್ಪಟ್ಟು ಶುಲ್ಕ ಜಾರಿಗೆ ಬಂತು. ಗೇಟಿನಲ್ಲಿ ದಿನಗಟ್ಟಲೆ ಕಾಯುವುದು, ಕೈ ಬಿಸಿ ಮಾಡುವುದು ತಪ್ಪಿದ್ದು ದೊಡ್ಡ ಲಾಭವೇ, ಅದನ್ನು ಅಲ್ಲಗಳೆಯಲಾರೆ. ಆದರೆ ಇಷ್ಟೂ ವ್ಯವಸ್ಥೆ ನಿಂತಿರುವುದು ದಾರಿಯುದ್ದಕ್ಕೂ ಸಿಗ್ನಲ್ ಇರುತ್ತದೆ ಎಂಬ ನಂಬಿಕೆಯ ಮೇಲೆ.

ಇ-ವೇ ಬಿಲ್ಲನ್ನೇ ತೆಗೆದುಕೊಳ್ಳಿ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ. ಲಾರಿ ಕೆಟ್ಟು ನಿಂತರೆ, ರಸ್ತೆ ಬಂದ್ ಆದರೆ, ಅವಧಿ ಮುಗಿಯುವ ಎಂಟು ಗಂಟೆ ಮುಂಚೆಯಿಂದ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಬೇಕು. ಆ ಕೆಲಸ ಬಂಗಾರಪೇಟೆಯ ಆಫೀಸಿನಲ್ಲೂ ಆಗುತ್ತದೆ, ಆದರೆ ಲಾರಿ ಎಲ್ಲಿ ನಿಂತಿದೆ, ಸರಕು ಬೇರೆ ಗಾಡಿಗೆ ಹಾಕಿದರೆ ಅದರ ನಂಬರ್ ಏನು ಎಂಬುದನ್ನು ಚಾಲಕ ತಿಳಿಸಬೇಕು. ತಿಳಿಸಲು ನೆಟ್ ಬೇಕು. ಅವಧಿ ಮೀರಿದ ಬಿಲ್‌ನೊಂದಿಗೆ ಸಿಕ್ಕಿಬಿದ್ದರೆ ಲಾರಿ ತಡೆಹಿಡಿಯುತ್ತಾರೆ, ದಂಡ ತೆರಿಗೆಯ ಎರಡು ಪಟ್ಟಿನವರೆಗೆ ಹೋಗುತ್ತದೆ. ಕೆಜಿಎಫ್‌ನ ಬೆಮೆಲ್‌ನಿಂದ ಹೊರಡುವ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳು ಟ್ರೇಲರ್ ಏರಿ ದೂರದ ಕಲ್ಲಿದ್ದಲು ಗಣಿಗಳಿಗೆ ಹೋಗುತ್ತವೆ. ಅಳತೆ ಮೀರಿದ ಇಂಥ ಸರಕಿಗೆ ದಿನಕ್ಕೆ 20 ಕಿ.ಮೀ.ನಂತೆ ಲೆಕ್ಕ, ಸಾವಿರ ಕಿ.ಮೀ.ಗೆ ಐವತ್ತು ದಿನ. ಅಷ್ಟು ದಿನ ಊರಾಚೆಯ ರಸ್ತೆ ಬದಿಯಲ್ಲಿ ಮಲಗೇಳುವವನಿಗೆ ಸಿಗ್ನಲ್ ಬರೀ ಸೌಕರ್ಯವಲ್ಲ.

ಕೋಲಾರ ಎಪಿಎಂಸಿಯ ಟೊಮೆಟೊ ಲಾರಿಗೆ ಇ-ವೇ ಬಿಲ್ ಬೇಡ, ಹಸಿ ತರಕಾರಿಗೆ ವಿನಾಯಿತಿ ಇದೆ. ಅದಕ್ಕೆ ಬೇರೆಯದೇ ಅವಸರ. 15 ಕಿಲೋ ಬಾಕ್ಸ್‌ಗಳನ್ನು ಹೇರಿಕೊಂಡು ಉತ್ತರಕ್ಕೆ ಹೊರಟ ಗಾಡಿ ಮಂಡಿ ಮುಟ್ಟುವಷ್ಟರಲ್ಲಿ ಬೆಲೆ ಬದಲಾಗಿರುತ್ತದೆ, ಕೆಲವೊಮ್ಮೆ ಮಂಡಿಯೇ ಬದಲಾಗಿರುತ್ತದೆ. ಆ ಸಂದೇಶ ದಾರಿಯಲ್ಲಿ ಸಿಗದಿದ್ದರೆ ಹಣ್ಣು ಕೊಳೆಯುತ್ತದೆ. 2023ರ ಜುಲೈನಲ್ಲಿ ಬಾಕ್ಸ್ ಬೆಲೆ ಎರಡು ಸಾವಿರ ದಾಟಿದ್ದಾಗ, ಕೋಲಾರದಿಂದ ಜೈಪುರಕ್ಕೆ ಸುಮಾರು 21 ಲಕ್ಷ ರೂಪಾಯಿಯ ಟೊಮೆಟೊ ಹೊತ್ತು ಹೋದ ಲಾರಿಯೊಂದು ನಡುದಾರಿಯಲ್ಲಿ ಸಂಪರ್ಕಕ್ಕೆ ಸಿಗದೆ ಹೋಯಿತು. ವ್ಯಾಪಾರಿಗಳು ಪೊಲೀಸರಿಗೆ ದೂರು ಕೊಟ್ಟರು, ಸುದ್ದಿ ದೇಶವೆಲ್ಲ ಹರಡಿತು. ಇಂಥ ಒಂದು ಪ್ರಕರಣ ಆದ ಮೇಲೆ ‘ನಾಟ್ ರೀಚಬಲ್’ ಆದ ಪ್ರತಿಯೊಬ್ಬ ಚಾಲಕನ ಮೇಲೂ ಅನುಮಾನ ಬೀಳುತ್ತದೆ. ಟವರ್ ಇಲ್ಲದ ಜಾಗದಲ್ಲಿ ಟವರ್ ಇಲ್ಲದ್ದು ಅವನ ತಪ್ಪೇ?

ಕ್ಯಾಬಿನ್ ಒಳಗೆ ಒಮ್ಮೆ ಕಣ್ಣಾಡಿಸಿದರೆ ಯಾರ ಇಂಟರ್‌ನೆಟ್ ಯಾವುದು ಎಂದು ತಿಳಿಯುತ್ತದೆ. ಮುಂದಿನ ಗಾಜಿಗೆ ಫಾಸ್ಟ್ಯಾಗ್ ಅಂಟಿದೆ. ಅದಕ್ಕೆ ಸ್ವಂತ ನೆಟ್ ಬೇಡ, ಟೋಲ್ ಗೇಟಿನ ಯಂತ್ರ ರೇಡಿಯೋ ತರಂಗದಲ್ಲಿ ಅದನ್ನು ಓದಿಕೊಳ್ಳುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಜಿಪಿಎಸ್ ಡಬ್ಬಿ ಇದೆ. ಜಾಗ ಗುರುತಿಸಲು ಅದಕ್ಕೆ ಉಪಗ್ರಹ ಸಾಕು, ಆ ಗುರುತನ್ನು ಓನರ್‌ಗೆ ಕಳಿಸಲು ಮಾತ್ರ ಒಳಗಿನ ಸಿಮ್ ಬೇಕು. ಸಿಗ್ನಲ್ ಇಲ್ಲದ ಕಡೆ ಒಳ್ಳೆಯ ಡಬ್ಬಿ ದಾರಿಯ ಲೆಕ್ಕವನ್ನು ತನ್ನಲ್ಲೇ ಕೂಡಿಟ್ಟುಕೊಂಡು, ಸಿಕ್ಕಿದ ತಕ್ಷಣ ಒಟ್ಟಿಗೆ ಕಳಿಸುತ್ತದೆ. ಈ ಸಿಮ್‌ನ ಖರ್ಚು ಓನರ್‌ನದು. ಮೂರನೆಯದು, ಸ್ಟ್ಯಾಂಡಿಗೆ ಸಿಕ್ಕಿಸಿದ ಚಾಲಕನ ಫೋನು. ಲಾರಿಯ ಬ್ಯಾಟರಿ 24 ವೋಲ್ಟ್‌ನದು, ಹಳೆಯ ಗಾಡಿಗಳಲ್ಲಿ ಚಾರ್ಜರ್‌ಗಾಗಿ ಕನ್ವರ್ಟರ್ ಕೂರಿಸಿ ವೈರ್ ಎಳೆದಿರುತ್ತಾರೆ. ತಗಡಿನ ಕ್ಯಾಬಿನ್‌ನಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವುದು ಗಾಜಿನ ಹತ್ತಿರವೇ, ಬಿಸಿಲು ಬಡಿಯುವುದೂ ಅಲ್ಲೇ. ಫೋನು ಕಾದು ನಿಂತುಹೋಗುತ್ತದೆ. ಎರಡು ಕಂಪನಿಯ ಸಿಮ್ ಇಟ್ಟುಕೊಳ್ಳದೆ ಯಾರೂ ದೂರಕ್ಕೆ ಹೊರಡುವುದಿಲ್ಲ. ಮ್ಯಾಪ್, ಲೊಕೇಶನ್, ಪಾವತಿ, ರಸೀದಿಯ ಫೋಟೊ ಎಲ್ಲವೂ ಓನರ್‌ನ ಕೆಲಸಕ್ಕೇ, ಆದರೆ ಈ ಫೋನಿನ ರೀಚಾರ್ಜ್ ಬಹುಪಾಲು ಚಾಲಕನ ಜೇಬಿನದು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಆ ಹೊರೆ ಬಿದ್ದದ್ದೂ ಅವನ ಮೇಲೆಯೇ. ಡೀಸೆಲ್, ಟೋಲ್‌ಗಳ ಜೊತೆ ರೀಚಾರ್ಜನ್ನೂ ಟ್ರಿಪ್ ಖರ್ಚಿಗೆ ಸೇರಿಸುವುದು ನ್ಯಾಯ.

ಕೋಲಾರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಇನ್ನೊಂದು ತುದಿಯಲ್ಲಿ ಶಿರಾಡಿ ಘಾಟಿ ಇದೆ. ಕಣಿವೆ, ಕಾಡು, ತಿರುವು. ಟವರ್‌ನ ಅಲೆಗೆ ಗುಡ್ಡ ಅಡ್ಡ. ನೆಟ್‌ವರ್ಕ್ ಸಿಗದೆ ಪರದಾಡುವ ದೂರು ಅಲ್ಲಿ ಹಳೆಯದು, ಮಳೆಗಾಲದಲ್ಲಿ ಮಣ್ಣು ಕುಸಿದು ಗಾಡಿಗಳು ಸಾಲುಗಟ್ಟಿದಾಗ ಅದು ಪ್ರಾಣದ ಪ್ರಶ್ನೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದಾಗ ಕೇರಳದ ಲಾರಿಯೊಂದು ಚಾಲಕನ ಸಮೇತ ಮರೆಯಾಯಿತು. ಅವನು ಅಲ್ಲೇ ಇದ್ದಾನೆ ಎಂದು ಮನೆಯವರು ಪಟ್ಟು ಹಿಡಿಯಲು ಆಧಾರವಾದದ್ದು ಲಾರಿಯ ಜಿಪಿಎಸ್ ಕೊನೆಯದಾಗಿ ತೋರಿಸಿದ ಜಾಗ. ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯಿಂದ ಲಾರಿ ಮೇಲೆತ್ತಿದರು. ಸರಕಿನ ಮೇಲೆ ಕಣ್ಣಿಡಲು ಹಾಕಿದ ಡಬ್ಬಿ ಒಬ್ಬ ಮನುಷ್ಯನ ಪರವಾಗಿ ಸಾಕ್ಷಿ ನುಡಿಯಿತು.

ಈಗ ನಮ್ಮ ಮನೆ ಬಾಗಿಲಿಗೇ ಹೊಸ ರಸ್ತೆ ಬಂದಿದೆ. ಸುಮಾರು 260 ಕಿ.ಮೀ. ಉದ್ದದ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಪಾಲು 71 ಕಿ.ಮೀ.ನಷ್ಟು. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಯಿಂದ ಹಾಯುವ ಈ ಭಾಗದಲ್ಲಿ 2024ರ ಡಿಸೆಂಬರ್‌ನಿಂದಲೇ ವಾಹನಗಳು ಓಡುತ್ತಿವೆ. ಎಕ್ಸ್‌ಪ್ರೆಸ್‌ವೇಯ ಗುಣವೇ ಊರು ತಪ್ಪಿಸಿ ಹೋಗುವುದು. ಮೊಬೈಲ್ ಟವರ್‌ಗಳು ನಿಲ್ಲುವುದು ಗಿರಾಕಿಗಳಿರುವ ಊರಿನಲ್ಲಿ. ರಸ್ತೆ ಹೊಲದ ನಡುವೆ, ಟವರ್ ಪೇಟೆಯ ನಡುವೆ. ಈ ಅಂತರ ತುಂಬುವ ಹೊಣೆ ಯಾರದೆಂದು ರಸ್ತೆಯ ನಕ್ಷೆ ಬರೆಯುವಾಗಲೇ ತೀರ್ಮಾನವಾಗಬೇಕಿತ್ತು. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ. ಚಾಲಕನ ಸೆಕೆ ಕಾನೂನಿನ ಲೆಕ್ಕಕ್ಕೆ ಬಂದಿದ್ದು ಸಂತೋಷ. ಅವನ ಸಿಗ್ನಲ್ ಇನ್ನೂ ಬಂದಿಲ್ಲ.

ಹಾಗೆಂದು ಏನೂ ನಡೆದಿಲ್ಲ ಎನ್ನಲಾಗದು. 2025ರ ಜನವರಿಯಿಂದ ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಕಟ್ಟಿದ ಟವರ್‌ಗಳ 4ಜಿಯನ್ನು ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಗ್ರಾಹಕರು ಯಾರ ಟವರ್ ಎಂದು ನೋಡದೆ ಬಳಸಬಹುದು. ಹೆದ್ದಾರಿಗಳಲ್ಲಿ ಎಲ್ಲ ಟವರ್‌ಗಳಿಗೂ ಈ ನಿಯಮ ಬಂದರೆ ಎರಡನೇ ಸಿಮ್‌ನ ಹಂಗು ತಪ್ಪುತ್ತದೆ. ಕಂಪನಿಗಳು ತಮ್ಮ ನೆಟ್‌ವರ್ಕ್ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆ ಪ್ರಕಟಿಸಬೇಕೆಂದು ಟ್ರಾಯ್ ನಿಯಮ ಮಾಡಿದೆ. ರಸ್ತೆಯ ಜೊತೆಗೇ ಆಪ್ಟಿಕಲ್ ಫೈಬರ್ ಹಾಕಲು ಹೆದ್ದಾರಿ ಪ್ರಾಧಿಕಾರ 2023ರಲ್ಲಿ ಆರಿಸಿದ ಮೊದಲ ಎರಡು ಮಾರ್ಗಗಳಲ್ಲಿ 512 ಕಿ.ಮೀ.ನ ಹೈದರಾಬಾದ್–ಬೆಂಗಳೂರು ಕಾರಿಡಾರ್ ಒಂದು. ಉತ್ತರಕ್ಕೆ ಹೊರಡುವ ನಮ್ಮ ಲಾರಿಗಳ ದಾರಿಯೂ ಅದೇ. ದೇಶದ ಹೆದ್ದಾರಿಗಳಲ್ಲಿ ನೆಟ್‌ವರ್ಕ್ ಸರಿಯಿಲ್ಲದ 424 ಜಾಗಗಳನ್ನು, ಒಟ್ಟು ಸುಮಾರು 1,750 ಕಿ.ಮೀ., ಪ್ರಾಧಿಕಾರವೇ ಪಟ್ಟಿ ಮಾಡಿ ದೂರಸಂಪರ್ಕ ಇಲಾಖೆಯ ಮುಂದಿಟ್ಟಿದೆ.

ಪಟ್ಟಿ ಕಡತದಲ್ಲೇ ಉಳಿಯಬಾರದೆಂದರೆ ದಾರಿ ಬಲ್ಲವರು ದನಿ ಎತ್ತಬೇಕು. ಚಾಲಕ ಬಂಧುಗಳಲ್ಲಿ ಒಂದು ವಿನಂತಿ: ಸಿಗ್ನಲ್ ಹೋದ ಕಡೆಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ನೆನಪಿಟ್ಟುಕೊಂಡು, ಮತ್ತೆ ಸಿಕ್ಕಾಗ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ ದಾಖಲಿಸಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ 112ಕ್ಕೆ ಕರೆ ಹೋಗುತ್ತದೆ. ಅಪಘಾತವಾದಾಗ ಸಿಗ್ನಲ್ ಇಲ್ಲವೆಂದು ಕೈಚೆಲ್ಲುವ ಮುನ್ನ ಆ ನಂಬರ್ ಒತ್ತಿ ನೋಡಿ.