ಚಾಕೊಲೇಟನ್ನು ಕಾಪಾಡುವ ಬಗೆ

ಮಗುವಿನ ಹುಟ್ಟುಹಬ್ಬದ ಕೇಕಿಗೆಂದು ತಂದಿರಿಸಿದ್ದ ಚಾಕೊಲೇಟಿನ ಗಟ್ಟಿಯನ್ನು ಬೇಸಗೆ ಕಳೆದ ಮೇಲೆ ಬಿಚ್ಚಿ ನೋಡಿದರೆ, ಅದರ ಮೈಯೆಲ್ಲ ಬೂದಿ ಬಳಿದಂತೆ ಬೆಳ್ಳಗಾಗಿರುವುದುಂಟು. ಬೂಷ್ಟು ಹಿಡಿಯಿತೆಂದು ಬಗೆದು ಮನೆಯವರು ಅದನ್ನು ಎಸೆದುಬಿಡುವರು. ಶ್ರೋತೃಗಳೇ, ಹೀಗೆ ಎಸೆದದ್ದು ಅನೇಕ ವೇಳೆ ಕೆಡದ ಪದಾರ್ಥವೇ ಆಗಿರುತ್ತದೆ.

ಈ ಬಿಳುಪೆಂಬುದೇನು? ಕೋಕೋ ಬೀಜದ ತೂಕದಲ್ಲಿ ಸುಮಾರು ಅರ್ಧಪಾಲು ಕೊಬ್ಬು. ಈ ಕೊಬ್ಬು 6 ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದು. ಅವುಗಳಲ್ಲಿ ಐದನೆಯ ಬಗೆಯೇ ಚಾಕೊಲೇಟಿಗೆ ಹೊಳಪನ್ನೂ ಬಿರುಸನ್ನೂ ಕೊಡತಕ್ಕದ್ದು. ಅದು ಸುಮಾರು 34 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದಾದ್ದರಿಂದಲೇ ಡಬ್ಬಿಯಲ್ಲಿ ಗಟ್ಟಿಯಾಗಿದ್ದು ಬಾಯಲ್ಲಿ ಕರಗುತ್ತದೆ. ಬೇಸಗೆಯ ಸೆಕೆಗೆ ಕೊಬ್ಬಿನ ಒಂದಂಶವು ಮೆತ್ತಗಾಗಿ ಮೇಲಕ್ಕೆ ಬಂದು, ಬೇರೆ ಹರಳುಗಳಾಗಿ ನಿಲ್ಲುವುದು. ಬಿಳುಪು ಅದೇ. ಬೆರಳಿನಿಂದ ಉಜ್ಜಿದರೆ ಜಿಡ್ಡಾಗಿ ಮಾಯವಾಗುತ್ತದೆ.

ಇನ್ನೊಂದು ಬಿಳುಪು ತೇವದ ಫಲ. ತಣ್ಣನೆಯ ಚಾಕೊಲೇಟಿನ ಮೇಲೆ ಗಾಳಿಯ ತೇವವು ಹನಿಗೂಡಿ ಸಕ್ಕರೆಯನ್ನು ಕರಗಿಸುವುದು. ನೀರು ಆರಿದಾಗ ಒರಟು ಹರಳುಗಳುಳಿಯುವುವು. ಮುಟ್ಟಿದರೆ ಮರಳಿನಂತೆ ತರಿತರಿ. ಇವೆರಡೂ ನೋಟವನ್ನೂ ನಯವನ್ನೂ ಕೆಡಿಸುವುವೇ ಹೊರತು ಆರೋಗ್ಯವನ್ನಲ್ಲ. ಕೇಕಿನ ಹಿಟ್ಟಿನಲ್ಲಿ ಕಲಸಿ ಬೇಯಿಸಲು ಅಡ್ಡಿಯಿಲ್ಲ. ಹುಳು ಕಂಡರೆ, ಕಮಟು ವಾಸನೆ ಬಂದರೆ, ಕೂದಲೆಳೆಯಂತಹ ನಿಜವಾದ ಬೂಷ್ಟು ಬೆಳೆದಿದ್ದರೆ ಎಸೆಯತಕ್ಕದ್ದು.

ಹಾಗಾದರೆ ಇಡುವುದೆಲ್ಲಿ? 15ರಿಂದ 18 ಡಿಗ್ರಿ ಶಾಖವುಳ್ಳ, ತೇವವೂ ಬೆಳಕೂ ಇಲ್ಲದ ಸ್ಥಳವು ಉತ್ತಮ. ನಮ್ಮ ಊರುಗಳ ಬೇಸಗೆಯಲ್ಲಿ ಅಂತಹ ಮೂಲೆ ದೊರೆಯುವುದು ದುರ್ಲಭ. ಆಗ ರೆಫ್ರಿಜರೇಟರೇ ಗತಿ. ಆದರೆ ಚಾಕೊಲೇಟನ್ನು ಬಿಗಿಯಾಗಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಹೊರತೆಗೆದ ಮೇಲೆ ಡಬ್ಬಿಯನ್ನು ಕೂಡಲೆ ತೆರೆಯಬಾರದು. ಅದು ಕೋಣೆಯ ಶಾಖಕ್ಕೆ ಬರುವವರೆಗೆ ಕಾಯಬೇಕು. ಆಗ ಹನಿಯು ಕೂಡುವುದು ಡಬ್ಬಿಯ ಮೇಲೆಯೇ ಹೊರತು ಚಾಕೊಲೇಟಿನ ಮೇಲಲ್ಲ. ಅವಸರಪಟ್ಟರೆ, ಕರಗಿಸುವಾಗ ಆ ನಾಲ್ಕು ಹನಿ ನೀರೇ ಸಾಕು, ನಯವಾದ ಪಾಕವು ಗಂಟುಗಟ್ಟಿ ಬಿಗಿದುಕೊಳ್ಳುವುದಕ್ಕೆ!

ಕೊಬ್ಬು ನೆರೆಹೊರೆಯ ವಾಸನೆಯನ್ನು ಹೀರತಕ್ಕ ಸ್ವಭಾವದ್ದು. ಇಂಗು, ಈರುಳ್ಳಿ, ಸಾರಿನಪುಡಿಗಳ ಸಹವಾಸದಿಂದ ಅದನ್ನು ದೂರವಿಡುವುದು ಮೇಲು. ಕಪ್ಪು ಚಾಕೊಲೇಟು ಚೆನ್ನಾಗಿಟ್ಟರೆ ಸುಮಾರು 2 ವರ್ಷ ಬಾಳುವುದು. ಹಾಲು ಬೆರೆತುದನ್ನೂ ಬಿಳಿಯದನ್ನೂ ವರ್ಷದೊಳಗೆ ಮುಗಿಸುವುದು ಲೇಸು.

ಕೋಕೋ ಪುಡಿಯ ಮಾತು ಬೇರೆ. ಹಾಲೆಂಡಿನ ವಾನ್ ಹೌಟೆನ್ ಮನೆತನವು 1828ರಲ್ಲಿ ಪೇಟೆಂಟು ಪಡೆದ ಒತ್ತುಯಂತ್ರದ ಕ್ರಮದಿಂದ ಅದರ ಕೊಬ್ಬಿನ ಹೆಚ್ಚುಪಾಲನ್ನು ಹಿಂಡಿ ತೆಗೆದಿರುತ್ತಾರೆ. ಆದಕಾರಣ ಅದಕ್ಕೆ ರೆಫ್ರಿಜರೇಟರು ಬೇಡ. ಒಣ ಡಬ್ಬಿ, ಒಣ ಚಮಚ ಇಷ್ಟೇ ಸಾಕು. ಜೊತೆಯ ಬೇಕಿಂಗ್ ಪೌಡರಿಗೂ ತೇವವೇ ಶತ್ರು. ಚಿಟಿಕೆಯಷ್ಟನ್ನು ಬಿಸಿನೀರಿಗೆ ಹಾಕಿದರೆ ಬುಸುಗುಟ್ಟಬೇಕು. ಸುಮ್ಮನಿದ್ದರೆ ಅದರ ಸತ್ವ ಮುಗಿಯಿತೆಂದು ತಿಳಿಯಿರಿ.

ದಕ್ಷಿಣ ಕನ್ನಡದ ಅಡಕೆತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುವ ರೈತನ ದುಡಿಮೆಯೂ ಈ ಗಟ್ಟಿಯಲ್ಲಡಗಿದೆ. ಮುಂದಿನ ಸಲ ಬಿಳುಪು ಕಂಡಾಗ, ಎಸೆಯುವ ಮುನ್ನ ಒಮ್ಮೆ ಬೆರಳಿನಿಂದ ಉಜ್ಜಿ, ಮೂಸಿ ನೋಡಿರಿ.