ಹೊಸ ಹೃದಯಪೇಶಿ, ಹಳೆಯ ಲಯ

ರೋಣದ ಎರೆಭೂಮಿಯಲ್ಲಿ ಹಿಂಗಾರಿ ಸುಗ್ಗಿಯ ಕಾಲಕ್ಕೆ ಕುಡುಗೋಲು ತಾಗಿ ರೈತನ ಬೆರಳು ಸೀಳಿದರೆ, ಅರಿಸಿನ ಮೆತ್ತಿ ಅರಿವೆ ಸುತ್ತಿದ ಕೆಲವು ದಿನಗಳಲ್ಲಿಯೇ ಗಾಯವು ಮಾಯ್ದು ಹೊಸ ಚರ್ಮವು ಮೂಡುವುದು. ಆದರೆ ಅದೇ ರೈತನ ಹೃದಯದ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿ, ಅದನ್ನೇ ನೆಚ್ಚಿದ್ದ ಮಾಂಸಭಾಗವು ಪ್ರಾಣವಾಯುವಿಲ್ಲದೆ ಸತ್ತಿತೆಂದರೆ, ಆ ಸ್ಥಳದಲ್ಲಿ ಉಳಿಯುವುದು ಮಿಡಿಯಲಾರದ ಗಡಸು ಕಲೆಯೊಂದೇ. ದೊಡ್ಡ ಹೃದಯಾಘಾತವೊಂದರಲ್ಲಿ ನೂರು ಕೋಟಿಯಷ್ಟು ಕೋಶಗಳು ನಾಶವಾಗಬಹುದು. ಹೃದಯವು ತನ್ನ ಕೋಶಗಳನ್ನು ಎಷ್ಟರಮಟ್ಟಿಗೆ ಹೊಸದಾಗಿಸಿಕೊಳ್ಳುವುದೆಂಬುದನ್ನು ಸ್ವೀಡನ್ನಿನ ವಿಜ್ಞಾನಿಗಳು, ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ವಾಯುಮಂಡಲವನ್ನು ಸೇರಿದ ಇಂಗಾಲ-14ರ ಅಂಶವನ್ನು ಮಾನವ ಹೃದಯಕೋಶಗಳಲ್ಲಿ ಅಳೆದು, 2009ರಲ್ಲಿ ಪ್ರಕಟಿಸಿದರು: 25ರ ಹರೆಯದಲ್ಲಿ ವರ್ಷಕ್ಕೆ ಶೇಕಡಾ 1ರಷ್ಟು, 75ರ ಮುಪ್ಪಿನಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ.

ನಿಸರ್ಗವು ಇಷ್ಟು ಜಿಪುಣತನದಿಂದ ನೀಡುವುದನ್ನು ಪ್ರಯೋಗಶಾಲೆಯಲ್ಲಿ ಧಾರಾಳವಾಗಿ ಬೆಳೆಸಬಹುದೆಂಬ ಆಸೆಗೆ ಆಧಾರವಾದುದು ಆಕರಕೋಶ, ಎಂದರೆ ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಇಂಥ ಕೋಶಗಳನ್ನು ಬೇರ್ಪಡಿಸಿದರು. ಜಪಾನಿನ ಶಿನ್ಯಾ ಯಮನಾಕಾ, ಭ್ರೂಣದ ಹಂಗೇ ಇಲ್ಲದಂತೆ, ಕೇವಲ ನಾಲ್ಕು ಜೀನುಗಳ ಪ್ರಭಾವದಿಂದ ಚರ್ಮದ ಕೋಶವನ್ನೇ ಅದರ ಆದಿಮ ಅವಸ್ಥೆಗೆ ಮರಳಿಸುವ ವಿದ್ಯೆಯನ್ನು 2006ರಲ್ಲಿ ಇಲಿಯ ಮೇಲೂ ಮರುವರ್ಷ ಮನುಷ್ಯನ ಕೋಶಗಳ ಮೇಲೂ ಸಾಧಿಸಿ, 2012ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಹೀಗೆ ಪಡೆದ ಕೋಶಗಳನ್ನು ಗಾಜಿನಂತೆ ತಿಳಿಯಾದ ಬಟ್ಟಲಲ್ಲಿ ಹರಡಿ, ದೇಹದ ಶಾಖದಲ್ಲಿಯೇ ಇರಿಸಿ, ದಿನದಿನಕ್ಕೆ ತಕ್ಕ ರಾಸಾಯನಿಕಗಳನ್ನು ಉಣಿಸುತ್ತ ಬಂದರೆ, ಒಂದು ವಾರ ಹತ್ತು ದಿನಗಳಲ್ಲಿ ಸೂಕ್ಷ್ಮದರ್ಶಕದಡಿ ಅಲ್ಲೊಂದು ಇಲ್ಲೊಂದು ಮಚ್ಚೆ ತಾನಾಗಿಯೇ ಅದುರಲಾರಂಭಿಸುವುದು. ನರದ ಪ್ರೇರಣೆಯೂ ರಕ್ತದ ಹರಿವೂ ಇಲ್ಲದೆ ಆ ಕೋಶಗಳು ಮಿಡಿಯುವುವು.

ಮಿಡಿಯುವ ಪೇಶಿಯನ್ನು ಬೆಳೆಸುವುದಕ್ಕಿಂತಲೂ ಅದನ್ನು ಮಿಡಿಯುತ್ತಿರುವ ಹೃದಯಕ್ಕೆ ಕೂಡಿಸುವುದೇ ಕಠಿಣವಾದ ಕಾರ್ಯ. ಗಜೇಂದ್ರಗಡದ ಕೈಮಗ್ಗಗಳಲ್ಲಿ ಹಾಸು ಮುಗಿದಾಗ ನೇಕಾರನು ಹೊಸ ಹಾಸಿನ ಪ್ರತಿಯೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೆರಳಲ್ಲಿ ಹೊಸೆದು ಕೂಡಿಸುವನು. ಎಳೆ ತಪ್ಪಿದರೆ ಆ ತಪ್ಪು ಸೀರೆಯ ಉದ್ದಕ್ಕೂ ಕಾಣುವುದು. ಹೃದಯದಲ್ಲಿಯೂ ಕೋಶದಿಂದ ಕೋಶಕ್ಕೆ ವಿದ್ಯುತ್ತಿನ ಸಂಕೇತವು ಅವಿಚ್ಛಿನ್ನವಾಗಿ ಸಾಗಬೇಕು. 2014ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮರಿ ಮತ್ತು ಸಂಗಡಿಗರು ಗಾಯಗೊಂಡ ಕೋತಿಗಳ ಹೃದಯಕ್ಕೆ ನೂರು ಕೋಟಿ ಕೋಶಗಳನ್ನು ಸೇರಿಸಿದಾಗ, ಅವು ಬೇರುಬಿಟ್ಟು ಹಳೆಯ ಮಾಂಸದೊಡನೆ ಮಿಡಿದವೆಂಬುದು ನಿಜ. ಅದರೊಂದಿಗೆ ಲಯವು ಕೆಟ್ಟು ಬಡಿತ ಏರುಪೇರಾದುದೂ ಅಷ್ಟೇ ನಿಜ. ಅಂದಿನಿಂದ ವಿಜ್ಞಾನಿಗಳು ಬಹು ಎಚ್ಚರದಿಂದ ಮುಂದುವರಿದಿದ್ದಾರೆ. 2020ರ ಜನವರಿಯಲ್ಲಿ ಒಸಾಕಾದ ಯೋಶಿಕಿ ಸಾವಾ ತಂಡವು ಇಂಥ ಕೋಶಗಳ ತೆಳುಹಾಳೆಯನ್ನು ರೋಗಿಯ ಹೃದಯಕ್ಕೆ ಹೊದಿಸಿತು. ಜರ್ಮನಿಯ ಗಟಿಂಗೆನ್ನಿನ ವುಲ್ಫ್‌ರಾಮ್ ಸಿಮರ್‌ಮನ್ ಮತ್ತು ಸಂಗಡಿಗರು, 40 ಕೋಟಿ ಕೋಶಗಳಿದ್ದ ತೇಪೆಯನ್ನು 46 ವರ್ಷದ ಮಹಿಳೆಯೊಬ್ಬಳ ಹೃದಯಕ್ಕೆ ಹೊಲಿದರು. ಮೂರು ತಿಂಗಳ ತರುವಾಯ ಬದಲಿ ಹೃದಯ ದೊರೆತು ಹಳೆಯದನ್ನು ತೆಗೆದು ಪರೀಕ್ಷಿಸಲಾಗಿ, ತೇಪೆಯು ಜೀವಂತವಾಗಿದ್ದು ಅದರೊಳಗೆ ರಕ್ತನಾಳಗಳೂ ಹಬ್ಬಿದ್ದುವೆಂದು 2025ರಲ್ಲಿ ವರದಿಯಾಯಿತು.

ನಮ್ಮ ನಾಡಿನಲ್ಲಿ ಈ ವಿದ್ಯೆಯ ನೆಲೆ, ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಕೇಂದ್ರ ಸರಕಾರದ ಆಕರಕೋಶ ಸಂಶೋಧನಾ ಸಂಸ್ಥೆ ‘ಇನ್‌ಸ್ಟೆಮ್’. ಹೃದಯಸ್ನಾಯುವಿನ ಒಂದು ಪ್ರೋಟೀನನ್ನು ರೂಪಿಸುವ ಜೀನಿನಲ್ಲಿ 25 ಅಕ್ಷರಗಳು ಲುಪ್ತವಾಗಿರುವ ದೋಷವು ಭಾರತೀಯ ಉಪಖಂಡದ ನೂರು ಜನರಲ್ಲಿ ಸುಮಾರು ನಾಲ್ವರಿಗೆ ಇದೆಯೆಂದು 2009ರಲ್ಲಿ ತೋರಿಸಿಕೊಟ್ಟ ಸಂಶೋಧಕರಲ್ಲಿ ಪ್ರಮುಖರಾದ ಪೆರುಂದುರೈ ಧಂಡಪಾಣಿಯವರು ಮುಂದೆ ತಮ್ಮ ಪ್ರಯೋಗಶಾಲೆಯನ್ನು ಕಟ್ಟಿದ್ದು ಇಲ್ಲಿಯೇ. ದೋಷವಿದ್ದವರೆಲ್ಲರೂ ರೋಗಿಗಳಾಗುವುದಿಲ್ಲ, ಯಾರಿಗೆ ಅಪಾಯ, ಏತಕ್ಕೆ ಅಪಾಯ ಎಂಬುದನ್ನು ಜೀವಂತ ಮನುಷ್ಯನ ಎದೆಯನ್ನು ಸೀಳದೆ ಅರಿಯಬೇಕಾದರೆ, ಅವನದೇ ರಕ್ತದ ಅಥವಾ ಚರ್ಮದ ಕೋಶದಿಂದ ಬೆಳೆಸಿದ ಹೃದಯಪೇಶಿಯನ್ನು ಬಟ್ಟಲಲ್ಲಿ ಪರೀಕ್ಷಿಸುವುದೇ ಸುಗಮವಾದ ಮಾರ್ಗ. ಎದೆಯೊಳಗೆ ಸೇರುವುದು ರೂಢಿಯಾಗುವ ಮೊದಲೇ ಈ ಪೇಶಿಯು ಹೀಗೆ ಉಪಯೋಗಕ್ಕೆ ಬಂದಿದೆ.

ಆದರೆ ಆಸೆಯಿರುವಲ್ಲಿ ಮೋಸಕ್ಕೂ ಎಡೆಯುಂಟು. ಅಸ್ಥಿಮಜ್ಜೆಯ ಕೋಶಗಳಿಂದ ಹೃದಯವು ಮರುಹುಟ್ಟು ಪಡೆಯುವುದೆಂದು 2001ರಿಂದ ಸಾರುತ್ತ ಬಂದ ಪಿಯೆರೊ ಅನ್ವೆರ್ಸಾ ಅವರ ಪ್ರಯೋಗಶಾಲೆಯ 31 ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕೆಂದು 2018ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವೇ ಸೂಚಿಸಬೇಕಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತಸಂಬಂಧಿ ರೋಗಗಳಿಗೆ ಮಾಡುವ ಆಕರಕೋಶ ಕಸಿಯಂಥವುಗಳ ಹೊರತು, ಅನುಮೋದಿತ ಪರೀಕ್ಷೆಯ ಆಚೆಗೆ ಆಕರಕೋಶವನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ. ಆದಕಾರಣ, ‘ಸ್ಟೆಮ್ ಸೆಲ್ ಇಂಜೆಕ್ಷನ್ನಿಂದ ಹೃದಯ ಹೊಸದಾಗುವುದು’ ಎಂಬ ಜಾಹೀರಾತನ್ನು ನಂಬಿ ಹೊಲ ಮಾರಲು ಹೊರಟವರಿಗೆ ಬುದ್ಧಿ ಹೇಳುವುದು ಬಂಧುಗಳ ಕರ್ತವ್ಯ.

ರೋಣ, ನರಗುಂದ, ಗಜೇಂದ್ರಗಡಗಳಂಥ ತಾಲೂಕುಗಳಲ್ಲಿ ಇಂದಿಗೆ ಲಭ್ಯವಿರುವ ರಕ್ಷಣೆಯೆಂದರೆ, ಪೇಶಿಯು ಸಾಯುವ ಮೊದಲೇ ಅದನ್ನು ಉಳಿಸಿಕೊಳ್ಳುವುದು. “ಏನಿಲ್ಲೋ ತಮ್ಮಾ, ಎದ್ಯಾಗ ವಾಯು ಹಿಡದೈತಿ” ಎಂದು ಸೋಡಾ ಕುಡಿದು ಮಲಗುವ ಹಿರಿಯರು ಕಳೆಯುವ ಒಂದೆರಡು ಗಂಟೆಗಳಲ್ಲಿ ಕೋಟ್ಯಂತರ ಕೋಶಗಳು ನಶಿಸಿಹೋಗುವುವು. ಪುನೀತ್ ರಾಜಕುಮಾರರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಪರಿಶೀಲಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿಯಾದ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುವ ಏರ್ಪಾಡು ನಡೆದಿದೆ. ಅದಾದ ಮೇಲೆ ಗದಗಕ್ಕೋ ಹುಬ್ಬಳ್ಳಿಗೋ ಸಾಗಬಹುದು. ಹೃದಯಪೇಶಿಯ ಕೃಷಿಯು ಫಲಿಸಲು ಇನ್ನೆಷ್ಟು ಕಾಲ ಬೇಕಾದರೂ ಆಗಲಿ. ಎದೆ ಹಿಡಿದುಕೊಂಡವರನ್ನು ಮನೆಮದ್ದಿಗೆ ಬಿಡದೆ ಆಸ್ಪತ್ರೆಗೆ ಒಯ್ಯುವ ವಿವೇಕವು ಯಾವ ಪ್ರಯೋಗಶಾಲೆಗೂ ಕಾಯಬೇಕಾಗಿಲ್ಲ.